ನಿಮಗಿದು ಗೊತ್ತೆ? ತಿರುವಿನಲ್ಲಿ ಗುಂಯ್‌ಗುಡುವ ಸ್ಟೀರಿಂಗ್

ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದಿಂದ ಕಲಬುರಗಿಗೆ ಓಡಾಡುವ ಹಳೆಯ ಗಾಡಿಗಳಲ್ಲಿ ಕೆಲವು ತಿರುವು ಬಂದರೆ ನರಳುತ್ತವೆ. ಹಳೆಯ ಪವರ್ ಸ್ಟೀರಿಂಗ್ ನಡೆಯುವುದು ಎಣ್ಣೆಯ ಒತ್ತಡದಿಂದ. ಪಂಪನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಎಣ್ಣೆ ತಗ್ಗಿದರೆ ಪಂಪು ಗಾಳಿ ಎಳೆದುಕೊಂಡು ಗುಂಯ್‌ಗುಡುತ್ತದೆ. ಡಬ್ಬಿಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ ಎಂದೇ ಲೆಕ್ಕ.

ಈ ಎಣ್ಣೆ ಡೀಸೆಲ್‌ನಂತೆ ಉರಿದು ಖರ್ಚಾಗುವಂಥದಲ್ಲ. ಮಟ್ಟ ಇಳಿದಿದ್ದರೆ ಪೈಪಿನಲ್ಲೋ ಸೀಲಿನಲ್ಲೋ ಸೋರಿಕೆ ಇದೆ. ಬರೀ ತುಂಬಿಸುತ್ತ ಹೋದರೆ ದುಡ್ಡು ದಂಡ. ಸೋರಿಕೆ ನಿಲ್ಲಿಸಿದ ಮೇಲೆ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿಗಳನ್ನು ಭದ್ರವಾಗಿ ಮೇಲೆತ್ತಿ, ಎಂಜಿನ್ ಬಂದ್ ಇಟ್ಟೇ ಸ್ಟೀರಿಂಗನ್ನು ಎರಡೂ ಕಡೆ ಕೊನೆತನಕ ನಿಧಾನವಾಗಿ ತಿರುಗಿಸುತ್ತಿದ್ದರೆ ಗಾಳಿ ಹೊರಬೀಳುತ್ತದೆ. ನಡುನಡುವೆ ಎಣ್ಣೆ ನೋಡಿಕೊಳ್ಳಬೇಕು.

ಕಿರ್ರೆನ್ನುವ ಸದ್ದಾದರೆ ಮೊದಲು ಬೆಲ್ಟು ನೋಡಿ, ಸಡಿಲಾಗಿರಬಹುದು, ಸವೆದಿರಬಹುದು.

ಅಂದಹಾಗೆ, ಅಮೆರಿಕದ ಫ್ರಾನ್ಸಿಸ್ ಡೇವಿಸ್ ಪವರ್ ಸ್ಟೀರಿಂಗನ್ನು ಕಾರಿಗೆ ಕೂಡಿಸಿ ತೋರಿಸಿದ್ದು 1926ರಲ್ಲಿ. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸುವಾಗ ಸ್ಟೀರಿಂಗನ್ನು ಕೊನೆಗೆ ಒತ್ತಿಹಿಡಿದರೆ ಬರುವ ಬುಸ್ ಸದ್ದು ದೋಷವಲ್ಲ, ಮಿತಿಮೀರಿದ ಒತ್ತಡ ಇಳಿಸುವ ವಾಲ್ವಿನದು. ಆದರೂ ಹಾಗೇ ಹಿಡಿದಿರಬೇಡಿ, ಎಣ್ಣೆ ಕಾಯುತ್ತದೆ. ಕಾಯಿಸುವ ಕೆಲಸಕ್ಕೆ ಕಲಬುರಗಿಯ ಮೇ ಬಿಸಿಲೇ ಸಾಕು!