ಕಲ್ಲು, ಗರಸು, ಮರಳು: ಕಚ್ಚಾದಾರಿಯಲ್ಲಿ ಮೋಟಾರು ಸೈಕಲ್ಲು

ಬಳ್ಳಾರಿಯ ಕೋಟೆಯ ಗುಡ್ಡವನ್ನು ಬೆನ್ನಿಗೆ ಹಾಕಿ, ಆರು ಮೋಟಾರು ಸೈಕಲ್ಲುಗಳಲ್ಲಿ ನಾವು ಕುರುಗೋಡಿನ ಕಡೆಗೆ ಹೊರಟಾಗ ಇನ್ನೂ ಸೂರ್ಯೋದಯವಾಗಿರಲಿಲ್ಲ. ಡಾಂಬರು ರಸ್ತೆಯನ್ನು ಹಿಡಿದರೆ ಕುರುಗೋಡನ್ನು ಒಂದು ಗಂಟೆಯೊಳಗೆ ಸೇರಬಹುದು. ಅಲ್ಲಿಂದ ತೆಕ್ಕಲಕೋಟೆಯ ಮಾರ್ಗವಾಗಿ ಸಿರುಗುಪ್ಪಕ್ಕೆ ಹೋಗುವುದೂ ಪ್ರಯಾಸದ ಮಾತಲ್ಲ. ಆದರೆ ನಾವು ಆರಿಸಿಕೊಂಡದ್ದು ಡಾಂಬರನ್ನಲ್ಲ. ಜಾಲಿಯ ಪೊದೆಗಳ ನಡುವೆ, ಬಂಡೆಗಳ ಮಗ್ಗುಲಲ್ಲಿ, ಹಳ್ಳಕೊಳ್ಳಗಳನ್ನು ಹತ್ತಿ ಇಳಿಯುವ ಹಳೆಯ ಬಂಡಿಜಾಡುಗಳನ್ನು.

ಇದರಲ್ಲಿ ಹುಡುಗಾಟಿಕೆಯೇನೂ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಒಂದು ಪ್ರಶ್ನೆಯೂ ನಮ್ಮ ಜೊತೆಯಲ್ಲಿತ್ತು. ಹಿಂದಿನ ವರ್ಷ ಇದೇ ದಾರಿಯ ಒಂದು ಇಳಿಜಾರಿನಲ್ಲಿ ನಮ್ಮ ಸಂಗಡಿಗರೊಬ್ಬರು ಬಿದ್ದು ಕೊರಳೆಲುಬನ್ನು ಮುರಿದುಕೊಂಡಿದ್ದರು. ಹದಿನೈದು ವರ್ಷ ಮೋಟಾರು ಸೈಕಲ್ಲು ಓಡಿಸಿದ ಅನುಭವಿ ಅವರು. ಬಿದ್ದ ಮೇಲೆ ಅವರು ಮತ್ತೆ ಮತ್ತೆ ಹೇಳಿದ ಮಾತು ಒಂದೇ: “ನಾನು ಬ್ರೇಕನ್ನು ಹಿಡಿದೆ. ಆದರೂ ಗಾಡಿ ನಿಲ್ಲಲಿಲ್ಲ.” ಬ್ರೇಕು ಕೆಟ್ಟಿರಲಿಲ್ಲ. ಹಾಗಾದರೆ ಗಾಡಿ ಏಕೆ ನಿಲ್ಲಲಿಲ್ಲ? ಕಾಲೇಜಿನ ಮೊದಲ ತರಗತಿಯಲ್ಲಿ ಕಲಿಯುವ ಭೌತಶಾಸ್ತ್ರವೇ ಇದಕ್ಕೆ ಉತ್ತರ ಕೊಡುತ್ತದೆ.

ಮೊದಲು ನೆಲವನ್ನು ನೋಡೋಣ. ಬಳ್ಳಾರಿ, ಕುರುಗೋಡು, ತೆಕ್ಕಲಕೋಟೆಗಳ ಸುತ್ತ ಕಾಣುವ ಗುಡ್ಡಗಳು ಬೆಣಚುಕಲ್ಲಿನವು. ಈ ಶಿಲೆ ಬಹು ಪುರಾತನವಾದುದು. ಇದರ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಬಿರುಕುಗಳಲ್ಲಿ ಇಳಿದ ನೀರು ಕಲ್ಲಿನ ಕೆಲವು ಖನಿಜಗಳನ್ನು ನಿಧಾನವಾಗಿ ಮೃದುವಾದ ಜೇಡಿಯಾಗಿ ಮಾರ್ಪಡಿಸುತ್ತದೆ. ಮೂಲೆಗಳು ಮೊದಲು ಸವೆಯುವುದರಿಂದ ಬಂಡೆಗಳು ಉರುಟಾಗುತ್ತವೆ. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಲ್ಲುತ್ತವೆ. ಸವೆಯದೆ ಉಳಿದ ಗಟ್ಟಿ ಹರಳುಗಳು ಗುಡ್ಡದ ಬುಡದಲ್ಲಿ ಗರಸಾಗಿ ಹರಡಿಕೊಳ್ಳುತ್ತವೆ. ಸಿರುಗುಪ್ಪದ ಕಡೆಗೆ ಸಾಗಿದಂತೆ ನೆಲ ಬಯಲಾಗಿ, ಕಪ್ಪು ಎರೆಮಣ್ಣು ಕಾಣಿಸಿಕೊಳ್ಳುತ್ತದೆ. ಹಗರಿ ಎಂದು ಜನ ಕರೆಯುವ ವೇದಾವತಿಯ ದಂಡೆಯಲ್ಲಾದರೋ ಮರಳೇ ಮರಳು. ಹೀಗೆ ಒಂದೇ ದಿನದ ಸವಾರಿಯಲ್ಲಿ ನಾಲ್ಕು ಬಗೆಯ ನೆಲ ಎದುರಾಗುತ್ತದೆ. ಪ್ರತಿಯೊಂದರ ನಡತೆಯೂ ಬೇರೆ.

ಎರಡೇ ಚಕ್ರದ ಗಾಡಿ ಬೀಳದೆ ಓಡುವುದಾದರೂ ಹೇಗೆ? ತಿರುಗುವ ಚಕ್ರವು ಬುಗುರಿಯಂತೆ ನೆಟ್ಟಗೆ ನಿಲ್ಲುತ್ತದೆ, ಆದ್ದರಿಂದ ಗಾಡಿಯೂ ನಿಲ್ಲುತ್ತದೆ ಎಂಬ ಉತ್ತರವನ್ನು ಅನೇಕರು ಕೊಡುತ್ತಾರೆ. ಇದು ಪೂರ್ತಿ ನಿಜವಲ್ಲ. ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ, ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರವನ್ನು ಸೈಕಲ್ಲಿಗೆ ಜೋಡಿಸಿ, ಬುಗುರಿಯ ಗುಣವನ್ನೇ ರದ್ದುಮಾಡಿ ನೋಡಿದ. ಆದರೂ ಅದನ್ನು ಸವಾರಿ ಮಾಡುವುದು ಸಾಧ್ಯವಾಯಿತು. ಈ ಫಲಿತಾಂಶವನ್ನು ಅವನು ಪ್ರಕಟಿಸಿದ್ದು ೧೯೭೦ರಲ್ಲಿ. ೨೦೧೧ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ವಿದ್ವಾಂಸರು, ಬುಗುರಿಯ ಗುಣವಿಲ್ಲದಿದ್ದರೂ ಸವಾರನಿಲ್ಲದೆಯೇ ತಾನಾಗಿ ನೆಟ್ಟಗೆ ಓಡುವ ಸೈಕಲ್ಲೊಂದನ್ನು ರಚಿಸಿ ತೋರಿಸಿದರು.

ಮುಖ್ಯವಾದ ಸಂಗತಿ ಬೇರೆಯದು. ಅಂಗೈಯ ಮೇಲೆ ಕೋಲನ್ನು ನಿಲ್ಲಿಸುವ ಆಟವನ್ನು ನೆನೆಯಿರಿ. ಕೋಲು ಎಡಕ್ಕೆ ವಾಲಿದರೆ ಅಂಗೈಯನ್ನೂ ಎಡಕ್ಕೆ ಒಯ್ಯುತ್ತೇವೆ; ಆಧಾರವು ಗುರುತ್ವಕೇಂದ್ರದ ಕೆಳಕ್ಕೆ ಮರಳಿ ಬರುತ್ತದೆ. ಮೋಟಾರು ಸೈಕಲ್ಲಿನಲ್ಲಿ ಅಂಗೈಯ ಕೆಲಸವನ್ನು ಮಾಡುವುದು ಮುಂದಿನ ಚಕ್ರ. ಗಾಡಿ ಎಡಕ್ಕೆ ವಾಲಿದರೆ ಚಕ್ರ ಎಡಕ್ಕೆ ತಿರುಗಿ, ಆಧಾರವನ್ನು ಭಾರದ ಕೆಳಕ್ಕೆ ತರುತ್ತದೆ. ಇದಕ್ಕೆ ಎರಡು ನಿಬಂಧನೆಗಳುಂಟು: ಗಾಡಿ ಚಲಿಸುತ್ತಿರಬೇಕು, ಮುಂದಿನ ಚಕ್ರ ಜಾರದೆ ಉರುಳುತ್ತಿರಬೇಕು. ಈ ಎರಡನೆಯ ನಿಬಂಧನೆಯನ್ನು ಓದುಗರು ಮರೆಯಬಾರದು. ನಮ್ಮ ಗೆಳೆಯರ ಕೊರಳೆಲುಬಿನ ಕಥೆ ಅದರಲ್ಲೇ ಅಡಗಿದೆ.

ಕಲ್ಲುದಾರಿಯಲ್ಲಿ ನುರಿತ ಸವಾರರು ಆಸನದಲ್ಲಿ ಕೂಡುವುದಿಲ್ಲ. ಕಾಲುಮೆಟ್ಟುಗಳ ಮೇಲೆ ನಿಲ್ಲುತ್ತಾರೆ. ಇದರಿಂದ ಗುರುತ್ವಕೇಂದ್ರ ಕೆಳಗಿಳಿಯುತ್ತದೆಂದು ಕೆಲವರು ಹೇಳುವುದುಂಟು. ಎದ್ದು ನಿಂತ ಮನುಷ್ಯನ ಗುರುತ್ವಕೇಂದ್ರ ಮೇಲೇರುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ನಿಲ್ಲುವುದರ ಲಾಭವೇ ಬೇರೆ. ಕುಳಿತ ಸವಾರ ಯಂತ್ರಕ್ಕೆ ಬಿಗಿದ ಮೂಟೆಯಂತೆ. ಗಾಡಿ ಕುಲುಕಿದಾಗಲೆಲ್ಲ ಅವನೂ ಕುಲುಕುತ್ತಾನೆ. ನಿಂತಾಗ ಮಂಡಿಗಳು ಸ್ಪ್ರಿಂಗುಗಳಾಗುತ್ತವೆ. ಎರಡು ಮೀಟರಿಗೊಂದರಂತೆ ಉಬ್ಬುಗಳಿರುವ ಜಾಡಿನಲ್ಲಿ ಗಂಟೆಗೆ ೩೬ ಕಿಲೋಮೀಟರು ವೇಗದಿಂದ ಹೋದರೆ ಸೆಕೆಂಡಿಗೆ ಐದು ಪೆಟ್ಟುಗಳು ಬೀಳುತ್ತವೆ. ಗಾಡಿ ಅಷ್ಟು ಸಲ ಮೇಲೆ ಕೆಳಗೆ ಆಡಿದರೂ, ಜಡತ್ವದ ದೆಸೆಯಿಂದ ಸವಾರನ ಮುಂಡ ಮತ್ತು ತಲೆ ಬಹುಮಟ್ಟಿಗೆ ಸ್ಥಿರವಾಗಿರುತ್ತವೆ. ಪೆಟ್ಟಿನ ಪೂರ್ಣ ಭಾರ ಯಂತ್ರದ ಮೇಲೂ ಬೀಳುವುದಿಲ್ಲ, ಬೆನ್ನೆಲುಬಿನ ಮೇಲೂ ಬೀಳುವುದಿಲ್ಲ. ಅಲ್ಲದೆ ನಿಂತವನಿಗೆ ದಾರಿ ದೂರದವರೆಗೆ ಕಾಣುತ್ತದೆ.

ಕುರುಗೋಡಿನ ಗುಡ್ಡಗಳು ಹತ್ತಿರವಾದಂತೆ ನಾವು ಆ ಇಳಿಜಾರಿಗೆ ಬಂದೆವು. ಎಲ್ಲರೂ ಗಾಡಿಗಳನ್ನು ನಿಲ್ಲಿಸಿ, ಕೆಳಗಿಳಿದು, ನಡೆದು ನೋಡಿದೆವು. ಗಟ್ಟಿಯಾದ ನೆಲದ ಮೇಲೆ ಗರಸಿನ ಹರಳುಗಳು ಹರಡಿದ್ದವು. ಕಾಲಿಟ್ಟರೆ ಅವು ಉರುಳುತ್ತಿದ್ದವು, ಕಾಲೂ ಜಾರುತ್ತಿತ್ತು.

ಬ್ರೇಕು ಗಾಡಿಯನ್ನು ನಿಲ್ಲಿಸುವುದಿಲ್ಲ. ಅದು ಚಕ್ರವನ್ನು ಮಾತ್ರ ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಣ ಡಾಂಬರಿನ ಮೇಲೆ ಈ ಘರ್ಷಣೆಯ ಗುಣಾಂಕ ಸುಮಾರು ೦.೮, ಸಡಿಲ ಗರಸಿನ ಮೇಲೆ ಅದು ೦.೪ರಷ್ಟೆಂದು ಇಟ್ಟುಕೊಳ್ಳೋಣ. ಗಂಟೆಗೆ ೪೦ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೧ ಮೀಟರು ವೇಗದಲ್ಲಿರುವ ಗಾಡಿ ಸಮತಟ್ಟಾದ ಡಾಂಬರಿನ ಮೇಲೆ ೮ ಮೀಟರಿನಲ್ಲಿ ನಿಲ್ಲಬಲ್ಲುದು. ಸಮತಟ್ಟಾದ ಗರಸಿನ ಮೇಲೆ ಅದಕ್ಕೆ ೧೬ ಮೀಟರು ಬೇಕು. ಅದೇ ಗರಸು ೧೦ ಡಿಗ್ರಿ ಇಳಿಜಾರಾಗಿದ್ದರೆ ಗುರುತ್ವಾಕರ್ಷಣೆಯು ಘರ್ಷಣೆಯ ಒಂದು ಭಾಗವನ್ನು ನುಂಗಿಹಾಕುತ್ತದೆ. ಆಗ ೨೯ ಮೀಟರು ಬೇಕಾಗುತ್ತದೆ. ಇಳಿಜಾರು ೨೨ ಡಿಗ್ರಿಯನ್ನು ಮುಟ್ಟಿತೆಂದರೆ ಲೆಕ್ಕ ಮುಗಿದಂತೆಯೇ. ೨೨ ಡಿಗ್ರಿಯ ಟ್ಯಾಂಜೆಂಟು ಸರಿಸುಮಾರು ೦.೪, ಅಲ್ಲಿಂದಾಚೆಗೆ ಎಷ್ಟು ಒಳ್ಳೆಯ ಬ್ರೇಕಾದರೂ ಗಾಡಿಯನ್ನು ನಿಲ್ಲಿಸಲಾರದು. ಇದು ಯಂತ್ರದ ದೋಷವಲ್ಲ, ನೆಲದ ನಿಯಮ.

ನಮ್ಮ ಗೆಳೆಯರು ಗಾಬರಿಯಿಂದ ಮುಂದಿನ ಬ್ರೇಕನ್ನು ಬಲವಾಗಿ ಹಿಡಿದಿದ್ದರು. ಚಕ್ರ ಉರುಳುವುದನ್ನು ನಿಲ್ಲಿಸಿ ಜಾರತೊಡಗಿತು. ಜಾರುವ ಚಕ್ರ ತಿರುಗಿಸಿದ ಕಡೆಗೆ ಹೋಗುವುದಿಲ್ಲ. ಆದ್ದರಿಂದ ಆಧಾರವನ್ನು ಭಾರದ ಕೆಳಕ್ಕೆ ತರುವ ಕೆಲಸ ಅದರಿಂದ ಆಗಲಿಲ್ಲ. ಅಂಗೈಯನ್ನು ಹಿಡಿದು ಕಟ್ಟಿದರೆ ಕೋಲಿನ ಗತಿ ಏನಾಗುವುದೋ ಗಾಡಿಯ ಗತಿಯೂ ಅದೇ ಆಯಿತು. ಇಂಥ ಇಳಿಜಾರಿನಲ್ಲಿ ಮಾಡಬೇಕಾದುದು ಇಷ್ಟು: ಇಳಿಯುವ ಮೊದಲೇ ವೇಗವನ್ನು ತಗ್ಗಿಸುವುದು, ಮೊದಲನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯುವುದು, ಹಿಂದಿನ ಬ್ರೇಕನ್ನು ಮೆಲ್ಲನೆ, ಮುಂದಿನದನ್ನು ಒಂದು ಬೆರಳಿನಿಂದ ಮಾತ್ರ ಮುಟ್ಟುವುದು. ಈ ಸಲ ಆರೂ ಜನ ಒಬ್ಬರಾದ ಮೇಲೆ ಒಬ್ಬರಂತೆ ಇಳಿದೆವು. ಮೊದಲನೆಯವನು ತಳವನ್ನು ಸೇರಿ ಕೈಬೀಸುವವರೆಗೆ ಎರಡನೆಯವನು ಕದಲಲಿಲ್ಲ.

ಗುಂಪಿನ ಸವಾರಿಗೆ ಈ ಅಂತರವೇ ಪ್ರಾಣ. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಕಣ್ಣು ಕಾಣುವುದಿಲ್ಲ. ಧೂಳು ಕುಳಿತುಕೊಳ್ಳಲಿ ಎಂದು ಕಾದರೆ ಸಾಲದೆ? ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯಾಸದ ಧೂಳಿನ ಕಣ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೮ ಮಿಲಿಮೀಟರಿನಂತೆ ಇಳಿಯುತ್ತದೆ. ಒಂದು ಮೀಟರು ಇಳಿಯಲು ಅದಕ್ಕೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ಗಂಟೆಗೆ ೩೬ ಕಿಲೋಮೀಟರು ವೇಗದ ಗಾಡಿ ಒಂದು ಕಿಲೋಮೀಟರಿಗೂ ಮುಂದೆ ಹೋಗಿರುತ್ತದೆ. ಆದ್ದರಿಂದ ಧೂಳು ಕುಳಿತುಕೊಳ್ಳುವುದನ್ನು ನಂಬಬಾರದು. ಗಾಳಿ ಅದನ್ನು ಪಕ್ಕಕ್ಕೆ ಒಯ್ಯುವಷ್ಟು ಅಂತರವನ್ನು ಬಿಡಬೇಕು. ಕವಲುದಾರಿ ಬಂದಾಗ ಪ್ರತಿಯೊಬ್ಬನೂ ತನ್ನ ಹಿಂದಿನವನು ಕಾಣುವವರೆಗೆ ನಿಲ್ಲಬೇಕೆಂಬುದು ನಮ್ಮ ಕಟ್ಟಳೆ. ಇದೊಂದನ್ನು ಪಾಲಿಸಿದರೆ ಯಾರೂ ದಾರಿ ತಪ್ಪುವುದಿಲ್ಲ, ಬಿದ್ದವನು ಒಂಟಿಯಾಗಿ ಬಿದ್ದಿರುವುದೂ ಇಲ್ಲ.

ತೆಕ್ಕಲಕೋಟೆಯನ್ನು ದಾಟಿದ ಮೇಲೆ, ತುಂಗಭದ್ರೆಯ ಕಾಲುವೆಗಳ ನೀರನ್ನು ಕುಡಿದ ಬತ್ತದ ಬಯಲುಗಳು ತೊಡಗಿದವು. ಇಲ್ಲಿನ ಎರೆಮಣ್ಣು ಒಣಗಿದಾಗ ಕಲ್ಲಿನಂತೆ ಗಟ್ಟಿ. ನೆನೆದಾಗ ಅದರ ಸ್ವಭಾವವೇ ಬದಲಾಗುತ್ತದೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿರುತ್ತವೆ. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಅದೇ ಮಣ್ಣು ಕುಗ್ಗಿ ಬಾಯಿಬಿಡುತ್ತದೆ. ಕಾಲುವೆ ತುಳುಕಿದ್ದ ಒಂದೆಡೆ ನಮ್ಮ ಗಾಡಿಯೊಂದರ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಈ ಮಣ್ಣು ಕಿಕ್ಕಿರಿದು ಚಕ್ರವೇ ತಿರುಗದಾಯಿತು. ಕಚ್ಚಾದಾರಿಗೆಂದು ರಚಿಸಿದ ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡನ್ನು ಎತ್ತರದಲ್ಲಿ ಕೂಡಿಸುವುದಕ್ಕೆ ಇದೇ ಕಾರಣ. ಕಡ್ಡಿಯಿಂದ ಮಣ್ಣನ್ನು ಕೆದಕಿ ತೆಗೆಯುವುದರಲ್ಲಿ ನಮಗೆ ಅರ್ಧ ಗಂಟೆ ಹಿಡಿಯಿತು.

ಸಿರುಗುಪ್ಪದಲ್ಲಿ ಊಟ ಮುಗಿಸಿ, ಮರಳುವಾಗ ಹಗರಿಯ ದಂಡೆಯ ಜಾಡನ್ನು ಹಿಡಿದೆವು. ಮರಳಿಗೆ ಇಳಿಯುವ ಮೊದಲು ಟೈರುಗಳಿಂದ ಗಾಳಿಯನ್ನು ಬಿಟ್ಟೆವು. ಗಾಡಿ ೧೯೦ ಕಿಲೋಗ್ರಾಂ, ಸವಾರ ೭೦. ಒಟ್ಟು ೨೬೦ ಕಿಲೋಗ್ರಾಂ ಭಾರವನ್ನು ಎರಡು ಟೈರುಗಳು ಹೊರಬೇಕು. ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಇದ್ದರೆ, ನೆಲಕ್ಕೆ ತಾಗುವ ಭಾಗ ೧೩೦ ಚದರ ಸೆಂಟಿಮೀಟರು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಅದು ೨೬೦ ಆಗುತ್ತದೆ. ಟೈರಿನ ಗೋಡೆಗಳು ತಾವೂ ಸ್ವಲ್ಪ ಭಾರವನ್ನು ಹೊರುವುದರಿಂದ ನಿಜವಾದ ಹೆಚ್ಚಳ ಇದಕ್ಕಿಂತ ಕಡಿಮೆ. ಆದರೂ ಲೆಕ್ಕದ ದಾರಿ ಸರಿಯಾದುದೇ. ಒಂಟೆಯ ಅಗಲವಾದ ಪಾದ ಮರಳಿನಲ್ಲಿ ಹೂಳದಿರುವುದು ಇದೇ ತತ್ತ್ವದಿಂದ. ಡಾಂಬರಿಗೆ ಮರಳಿದೊಡನೆ ಗಾಳಿಯನ್ನು ಮತ್ತೆ ತುಂಬಬೇಕು; ಇಲ್ಲವಾದರೆ ಟೈರು ಕಾಯುತ್ತದೆ, ಕಲ್ಲಿಗೆ ಬಡಿದಾಗ ಟ್ಯೂಬು ಸೀಳುತ್ತದೆ.

ಮರಳಿನಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಮುಂದಿನ ಚಕ್ರ ತುಯ್ದಾಡಿದೊಡನೆ ಹೆದರಿ, ಥ್ರಾಟಲನ್ನು ಪೂರ್ತಿ ಮುಚ್ಚುತ್ತಾರೆ. ವೇಗ ಸೆಕೆಂಡಿಗೆ ಸೆಕೆಂಡಿಗೆ ೨ ಮೀಟರಿನಂತೆ ಕುಗ್ಗಿತೆನ್ನಿ. ಗುರುತ್ವಕೇಂದ್ರದ ಎತ್ತರ ೦.೭ ಮೀಟರು, ಚಕ್ರಗಳ ಅಂತರ ೧.೪ ಮೀಟರು ಆಗಿದ್ದರೆ, ಸುಮಾರು ೨೬ ಕಿಲೋಗ್ರಾಂ ಭಾರ ಹಿಂದಿನ ಚಕ್ರದಿಂದ ಮುಂದಿನದಕ್ಕೆ ಸರಿಯುತ್ತದೆ. ಮೊದಲೇ ಹೂಳುತ್ತಿದ್ದ ಚಕ್ರ ನೇಗಿಲಿನಂತೆ ಮರಳನ್ನು ಸೀಳಿ, ಒಂದು ಕಡೆಗೆ ತಿರುಗಿ, ಸವಾರನನ್ನು ಕೆಡವುತ್ತದೆ. ಭಾರವನ್ನು ಹಿಂದಕ್ಕೆ ಸರಿಸಿ, ಥ್ರಾಟಲನ್ನು ಒಂದೇ ಸಮನಾಗಿ ಹಿಡಿದರೆ ಚಕ್ರ ತೇಲುತ್ತದೆ. ಹೆದರಿಕೆ ಹೇಳುವುದು ಒಂದು, ಭೌತಶಾಸ್ತ್ರ ಹೇಳುವುದು ಇನ್ನೊಂದು.

ಕನ್ನಡನಾಡಿನ ಸವಾರರು ಈ ವಿದ್ಯೆಯಲ್ಲಿ ಜಗತ್ತಿನ ಗಮನವನ್ನು ಸೆಳೆದಿದ್ದಾರೆ. ದಕ್ಷಿಣ ಅಮೆರಿಕದಲ್ಲಿ ನಡೆದ ೨೦೧೫ರ ಡಾಕರ್ ರ‍್ಯಾಲಿಯನ್ನು ಬೆಂಗಳೂರಿನ ಸಿ. ಎಸ್. ಸಂತೋಷ್ ಪೂರೈಸಿದರು, ಆ ಕಠಿಣ ಸ್ಪರ್ಧೆಯನ್ನು ಮುಗಿಸಿದ ಮೊದಲ ಭಾರತೀಯರು ಅವರೇ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ೨೦೧೯ರಲ್ಲಿ ಬಾಜಾ ಸ್ಪರ್ಧೆಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದರು. ಇವರ ಕೌಶಲದ ಹಿಂದೆ ವರ್ಷಗಳ ಅಭ್ಯಾಸವಿದೆಯೆಂಬುದನ್ನು ತರುಣ ಓದುಗರು ನೆನಪಿಡಬೇಕು. ಗೇರುಳ್ಳ ಮೋಟಾರು ಸೈಕಲ್ಲಿನ ಪರವಾನಗಿ ದೊರೆಯುವುದು ಹದಿನೆಂಟು ತುಂಬಿದ ಮೇಲೆಯೇ.

ನೆಲದ ಹಂಗೂ ಸವಾರನ ಮೇಲಿದೆ. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಾಳಿದ್ದರು. ಅವರು ಬಂಡೆಗಳ ಮೇಲೆ ಕೊರೆದ ಚಿತ್ರಗಳೂ, ಬಡಿದರೆ ಗಂಟೆಯಂತೆ ನಾದಗೈಯುವ ಕಲ್ಲುಗಳೂ ಅಲ್ಲಿವೆ. ತೆಕ್ಕಲಕೋಟೆಯಲ್ಲಿಯೂ ಆ ಯುಗದ ನೆಲೆಯಿದೆ. ಸಾವಿರಾರು ವರ್ಷ ಉಳಿದುಬಂದುದನ್ನು ಒಂದು ಟೈರಿನ ಗೆರೆ ಕ್ಷಣದಲ್ಲಿ ಕೆಡಿಸಬಲ್ಲುದು. ಅಂಥಲ್ಲಿ ಗಾಡಿಯನ್ನು ದೂರದಲ್ಲಿ ನಿಲ್ಲಿಸಿ ನಡೆದೇ ಹೋಗಬೇಕು. ರೈತನ ಬದುವನ್ನೂ ಹಾಗೆಯೇ ಕಾಯಬೇಕು.

ಸಂಜೆ ಬಳ್ಳಾರಿಯ ದೀಪಗಳು ಕಂಡಾಗ ಎಲ್ಲಕ್ಕಿಂತ ಹಿಂದಿನ ಗಾಡಿಯಲ್ಲಿದ್ದವರು ಹಿಂದಿನ ವರ್ಷ ಬಿದ್ದ ಅದೇ ಗೆಳೆಯರು. ಅವರ ಹಳೆಯ ಶಿರಸ್ತ್ರಾಣ ಈಗ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿದೆ. ಅದರ ಒಳಗಣ ನೊರೆಯ ಪದರ ಒಂದು ಕಡೆ ಜಜ್ಜಿಹೋಗಿದೆ. ಒಂದೂವರೆ ಮೀಟರು ಎತ್ತರದಿಂದ ಬಿದ್ದ ತಲೆ ಮೂರು ಮಿಲಿಮೀಟರಿನಲ್ಲಿ ನಿಂತರೆ, ಅದರ ಮೇಲೆ ಗುರುತ್ವದ ಐನೂರು ಪಟ್ಟು ವೇಗಾಪಕರ್ಷ ಬೀಳುತ್ತದೆ. ಮೂರು ಸೆಂಟಿಮೀಟರಿನ ನೊರೆ ಜಜ್ಜುತ್ತ ನಿಲ್ಲಿಸಿದರೆ ಐವತ್ತು ಪಟ್ಟು ಮಾತ್ರ. ಕೊರಳೆಲುಬು ಮುರಿದ ಮನುಷ್ಯ ಈ ವರ್ಷ ನಮ್ಮೊಡನೆ ಬರಲು ಸಾಧ್ಯವಾದುದು ಆ ಮೂರು ಸೆಂಟಿಮೀಟರಿನಿಂದ. ಪ್ರತಿ ವರ್ಷ ಮೊದಲ ತರಗತಿಯ ವಿದ್ಯಾರ್ಥಿಗಳಿಗೆ ಚಲನೆಯ ನಿಯಮಗಳನ್ನು ಪಾಠ ಹೇಳುವಾಗ ನಾವು ಅದನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಡುತ್ತೇವೆ.