ನೆರಳಿನ ಪಾಲು

ನಗರದ ಸಿರಿಯನ್ನು ಅದರ ಸೌಧಗಳಿಂದ ಅಳೆಯುವುದು ಲೋಕರೂಢಿ. ವೈಶಾಖದ ನಡುಹಗಲಿನಲ್ಲಿ ಕಾಲ್ನಡಿಗೆಯವನಿಗೆ ಎಷ್ಟು ನೆರಳು ದೊರೆಯುವುದೆಂಬುದೂ ಒಂದು ಅಳತೆಗೋಲೇ ಸರಿ. ಉದ್ಯಾನನಗರಿಯೆಂದು ಹೆಸರಾದ ಬೆಂಗಳೂರನ್ನು ಈ ಕೋಲಿನಿಂದ ಅಳೆದು ನೋಡುವುದು ಉಚಿತ.

ಆ ಹೆಸರು ಸುಮ್ಮನೆ ಬಂದುದಲ್ಲ. 1760ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಮೊದಲು ಹಾಕಿದನು. 1870ರಲ್ಲಿ ಕಬ್ಬನ್ ಉದ್ಯಾನ ರೂಪುಗೊಂಡಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ಲರು, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳ ಸಾಲುಮರಗಳನ್ನು ಹವಣಿಸಿದರು.

ಇವೆಲ್ಲಕ್ಕಿಂತ ಬೇರೆಯಾದ ಹಸುರೊಂದು ಈ ಸೀಮೆಯಲ್ಲಿತ್ತು. ಅದು ಊರಂಚಿನ ಗುಂಡುತೋಪು. ಮಾವು, ಹಲಸು, ನೇರಳೆ, ಹುಣಿಸೆಗಳು ಅಲ್ಲಿ ಬೆಳೆಯುತ್ತಿದ್ದವು. ದಾರಿಗನಿಗೆ ತಂಗುವ ಎಡೆ, ದನಕರುಗಳಿಗೆ ತಂಪು, ಮಕ್ಕಳಿಗೆ ಮರಕೋತಿಯಾಟದ ಕೊಂಬೆ, ಎಲ್ಲವೂ ಅದೇ. ಅದಕ್ಕೆ ಬೇಲಿಯಿರಲಿಲ್ಲ, ಅದು ಊರೊಟ್ಟಿನ ಸೊತ್ತು. ನಗರ ಬೆಳೆದಂತೆ ಅನೇಕ ತೋಪುಗಳು ಬಡಾವಣೆಗಳಲ್ಲಿ ಕರಗಿಹೋದವು. ಕೆರೆಗಳ ಗತಿಯೂ ಅದೇ ಆಯಿತು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು.

ಹೋದದ್ದು ಬರಿಯ ಚೆಲುವಲ್ಲ. ಬೇರು ಹೀರಿದ ನೀರನ್ನು ಎಲೆ ಆವಿಯಾಗಿ ಬಿಡುವಾಗ ಸುತ್ತಣ ಗಾಳಿ ತಂಪಾಗುತ್ತದೆ. ಕಲ್ಲು ಹಾಸದ ನೆಲ ಮಳೆಯನ್ನು ಕುಡಿದು ಅಂತರ್ಜಲಕ್ಕೆ ಇಳಿಸುತ್ತದೆ. ಬೆಂಗಳೂರಿನ ಬೀದಿಮರಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮರಗಳುಳ್ಳ ಬೀದಿಯ ಮಧ್ಯಾಹ್ನದ ಗಾಳಿ ಮರವಿಲ್ಲದ ಬೀದಿಯದಕ್ಕಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿತ್ತು; ರಸ್ತೆಯ ಮೈಯಲ್ಲಿ ಈ ಅಂತರ 27.5 ಡಿಗ್ರಿಯನ್ನು ಮುಟ್ಟಿತ್ತು. ಕಾರಿನೊಳಗೆ ಕುಳಿತವನಿಗೆ ಈ ಅಂತರ ತಿಳಿಯದು. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವಳಿಗಾದರೋ ಅದು ಜೀವನದ ಪ್ರಶ್ನೆ. ಸಂಜೆಯವರೆಗೆ ಸೊಪ್ಪು ಬಾಡದಿದ್ದರೆ ತಾನೆ ಅಂದಿನ ಗಳಿಕೆ?

ಬಡಾವಣೆಗಳ ಉದ್ಯಾನಗಳು ಬಹುಕಾಲ ನಡುಹಗಲಿನಲ್ಲಿಯೇ ಬೀಗ ಹಾಕಿಕೊಂಡಿದ್ದವು. ನೆರಳು ಬೇಕಾದ ಹೊತ್ತಿಗೆ ನೆರಳಿಗೆ ಬಾಗಿಲು! 2024ರಲ್ಲಿ, ಪಾಲಿಕೆಯ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧಾರವಾದುದು ಸ್ವಾಗತಾರ್ಹ. ಆದರೆ ಬಾಗಿಲು ತೆರೆದಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಕಾಲಿಡಬಾರದ ಹುಲ್ಲುಹಾಸು, ಮೊಣಕಾಲೆತ್ತರದ ಅಲಂಕಾರದ ಗಿಡ, ಕಾದ ಕಲ್ಲುಹಾಸು ಇಷ್ಟೇ ಇದ್ದರೆ, ದಣಿದು ಬಂದವನು ಕೂಡುವುದೆಲ್ಲಿ?

ಹೊಸ ಉದ್ಯಾನಗಳು ಗುಂಡುತೋಪಿನಿಂದ ಕಲಿಯಬೇಕಾದುದು ಇದನ್ನೇ. ಹೊಂಗೆ, ಬೇವು, ನೇರಳೆಯಂತಹ ನೆರಳಿನ ಮರಗಳಿಗೆ ಮೊದಲ ಮಣೆ ಸಲ್ಲಲಿ. ಬುಡದ ಮಣ್ಣು ಮಣ್ಣಾಗಿಯೇ ಉಳಿಯಲಿ. ಕೂಲಿಕಾರರ ಕೇರಿಯ ಪಕ್ಕದಲ್ಲಿಯೂ ನಾಲ್ಕು ಮರದ ತೋಪೊಂದು ಏಳಲಿ. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು 1985ರ ಕಾಯಿದೆ ನಮ್ಮಲ್ಲಿದೆ. ಕಾಯಿದೆ ಎಲ್ಲೆಯನ್ನು ಕಾಯಬಲ್ಲುದು. ಎಲ್ಲೆಯೊಳಗಣ ನೆರಳನ್ನು ಹಂಚಿಕೊಡುವ ಹೊಣೆ ನಾಗರಿಕರದು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಎಷ್ಟು ಜಾಗ ಬಿಟ್ಟಿದ್ದಾರೆಂದು ಕೇಳುತ್ತೇವೆ. ಅದರೊಡನೆ, ನಡುಹಗಲಿನಲ್ಲಿ ಅಲ್ಲಿ ಯಾರು ಕೂಡಬಹುದೆಂಬುದನ್ನೂ ಕೇಳಬೇಕು.