ಕಫದ ಕೆಮ್ಮು: ಕಾರಣ ತಿಳಿದು ಚಿಕಿತ್ಸೆ ಮಾಡಿ

ಮಳೆ ಆರಂಭವಾದರೆ ಅಥವಾ ಚಳಿ ಬಿದ್ದರೆ ಮನೆಯಲ್ಲಿ ಒಬ್ಬರಾದರೂ ಕೆಮ್ಮುತ್ತಿರುತ್ತಾರೆ. ಕೂಡಲೇ ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಸಿರಪ್ ತಂದು ಎಲ್ಲರಿಗೂ ಅದನ್ನೇ ಕುಡಿಸುವುದು ಹಲವರ ರೂಢಿ. ಆದರೆ ಕೆಮ್ಮು ಸ್ವತಃ ಒಂದು ರೋಗವಲ್ಲ, ರೋಗದ ಲಕ್ಷಣ. ಕಾರಣ ತಿಳಿಯದೆ ಮದ್ದು ಮಾಡಿದರೆ ಪ್ರಯೋಜನವಿಲ್ಲ.

ನಮ್ಮ ಶ್ವಾಸನಾಳದ ಒಳಪದರ ಸದಾ ತೆಳುವಾದ ಲೋಳೆಯನ್ನು ಸ್ರವಿಸುತ್ತದೆ. ಉಸಿರಿನೊಂದಿಗೆ ಒಳಬಂದ ಧೂಳು, ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿರುವ ಸೂಕ್ಷ್ಮ ರೋಮಗಳು ಅದನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಸೋಂಕು ಅಥವಾ ಹೊಗೆಯಿಂದ ಲೋಳೆ ಹೆಚ್ಚಾಗಿ ದಪ್ಪವಾದಾಗ ರೋಮಗಳಿಂದ ಆ ಕೆಲಸ ಆಗುವುದಿಲ್ಲ. ಆಗ ಶರೀರ ಕೆಮ್ಮಿನ ಮೂಲಕ ಕಫವನ್ನು ಹೊರಹಾಕುತ್ತದೆ. ಆದ್ದರಿಂದ ಕಫದ ಕೆಮ್ಮನ್ನು ಅದುಮುವ ಸಿರಪ್ ಕುಡಿದರೆ ಕಫ ಎದೆಯಲ್ಲೇ ಉಳಿಯುತ್ತದೆ.

ಯುನಾನಿ ವೈದ್ಯದಲ್ಲಿ ಒಣಕೆಮ್ಮಿಗೆ ‘ಸುಆಲೆ ಯಾಬಿಸ್’, ಕಫದ ಕೆಮ್ಮಿಗೆ ‘ಸುಆಲೆ ರತಬ್’ ಎನ್ನುತ್ತಾರೆ. ಎರಡರ ಚಿಕಿತ್ಸೆಯೂ ಬೇರೆ. ಎರಡನೆಯದರಲ್ಲಿ ದಪ್ಪಗಿರುವ ಬಲ್‌ಗಮ್ ಅಂದರೆ ಕಫವನ್ನು ಮೊದಲು ತೆಳುವಾಗಿಸಿ, ನಂತರ ಸುಲಭವಾಗಿ ಹೊರಬರುವಂತೆ ಮಾಡುವುದೇ ಉದ್ದೇಶ.

ಕಾರಣಗಳೇನು?

ಹೆಚ್ಚಿನ ಕೆಮ್ಮು ವೈರಸ್ಸಿನಿಂದ ಬರುವ ಶೀತದ ಮುಂದುವರಿಕೆ. ಜ್ವರ ಬಿಟ್ಟ ಮೇಲೂ ಅದು ಎರಡು ಮೂರು ವಾರ ಉಳಿಯಬಹುದು. ಕಫ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕೆಂದಿಲ್ಲ. ಸೈನಸ್ ತೊಂದರೆಯಿದ್ದರೆ ಮೂಗಿನ ಸ್ರಾವ ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಅಸ್ತಮಾ, ನ್ಯುಮೋನಿಯಾ, ಕ್ಷಯ ಕೂಡಾ ಕಾರಣವಾಗಬಹುದು.

ಮನೆಯೊಳಗಿನ ಕಾರಣಗಳನ್ನೂ ಮರೆಯಬೇಡಿ. ಬೀಡಿ ಸಿಗರೇಟು ಸೇದುವವರಿಗೆ ಪ್ರತಿದಿನ ಬೆಳಿಗ್ಗೆ ಬರುವ ಕಫ ‘ಮಾಮೂಲು’ ಅಲ್ಲ, ಶ್ವಾಸನಾಳ ಕೆಡುತ್ತಿರುವ ಸೂಚನೆ. ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ಮಹಿಳೆಯರಿಗೂ ಇದೇ ತೊಂದರೆ ಬರುತ್ತದೆ. ಬೀಡಿ ಕಟ್ಟುವವರಿಗೆ ತಂಬಾಕಿನ ಧೂಳು ಹಾನಿಕರ. ಮುಚ್ಚಿದ ಕೋಣೆಯಲ್ಲಿ ಲೋಬಾನ, ಅಗರಬತ್ತಿಯ ಹೊಗೆ ಅಸ್ತಮಾ ಇರುವ ಮಕ್ಕಳ ಕೆಮ್ಮನ್ನು ಹೆಚ್ಚಿಸುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಸಾಧಾರಣ ಶೀತದ ಕೆಮ್ಮಿಗೆ ಬಿಸಿನೀರು, ಸಾರು, ಗಂಜಿ ಆಗಾಗ ಕೊಡಿ. ದೊಡ್ಡವರಿಗೆ ಈ ಜೋಶಾಂದ ಉಪಯುಕ್ತ: 5 ಉನ್ನಾಬ್, 9 ಸಪಿಸ್ತಾನ್, ಜಜ್ಜಿದ ಜ್ಯೇಷ್ಠಮಧು 5 ಗ್ರಾಂ. ಎರಡು ಲೋಟ ನೀರಿನಲ್ಲಿ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ ಬೆಚ್ಚಗಿರುವಾಗ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಕುಡಿಯಿರಿ. ನಾಲ್ಕೈದು ದಿನ ಸಾಕು. ಇವು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ.

ಆದರೆ ಎಚ್ಚರ: ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಜ್ಯೇಷ್ಠಮಧು ಸೇವಿಸಬಾರದು. ಲಊಕ್, ಶರಬತ್ತುಗಳಲ್ಲಿ ಸಕ್ಕರೆ ಇರುವುದರಿಂದ ಮಧುಮೇಹಿಗಳು ವೈದ್ಯರನ್ನು ಕೇಳಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಿಂದ ಅಪಾಯಕಾರಿ ವಿಷಬಾಧೆ ಆಗಬಹುದು. ಕುದಿನೀರಿನ ಪಾತ್ರೆಯಿಟ್ಟು ಮಕ್ಕಳಿಗೆ ಹಬೆ ಕೊಡಬೇಡಿ. ಪಾತ್ರೆ ಮಗುಚಿ ಸುಟ್ಟ ಗಾಯಗಳಾಗುತ್ತವೆ. ಸಣ್ಣ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಕೆಮ್ಮಿನ ಸಿರಪ್ಪೂ ಬೇಡ.

ಯಾವಾಗ ತಡಮಾಡಬಾರದು?

ಮಗು ನಿದ್ರಿಸುವಾಗ ಅಥವಾ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೇದಿದರೆ, ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡವರಲ್ಲಿ ಏದುಸಿರು, ಎದೆನೋವು, ಕಫದಲ್ಲಿ ರಕ್ತ ಕಂಡರೂ ಹಾಗೆಯೇ.

ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಜೊತೆಗೆ ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಒಂದು ದಿನವೂ ಕಾಯಬೇಡಿ. ಸರಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಉಚಿತ. ಮಗಳ ಸಂಬಂಧ ತಪ್ಪೀತು, ನೆರೆಹೊರೆಯವರು ಏನೆಂದಾರು ಎಂದು ಕೆಲವು ಕುಟುಂಬಗಳು ಮುಚ್ಚಿಡುತ್ತವೆ. ಮುಚ್ಚಿಟ್ಟಷ್ಟು ದಿನ ಅದೇ ಮನೆಯ ಮಕ್ಕಳಿಗೂ ವೃದ್ಧರಿಗೂ ಹರಡುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಔಷಧಿಯಿಂದ ಕ್ಷಯ ಗುಣವಾಗುತ್ತದೆ. ಆದರೆ ಮಧ್ಯದಲ್ಲಿ ಬಿಡಬಾರದು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಯಾವ ಜೋಶಾಂದವೂ ಆ ಔಷಧಿಗೆ ಬದಲಿಯಲ್ಲ.

ಕೆಮ್ಮುವಾಗ ಕರ್ಚೀಫು ಅಥವಾ ಮೊಣಕೈ ಅಡ್ಡ ಹಿಡಿಯಿರಿ. ಎಲ್ಲೆಂದರಲ್ಲಿ ಉಗುಳಬೇಡಿ. ರೋಗಿಯ ಕೋಣೆಯ ಕಿಟಕಿ ತೆರೆದಿರಲಿ. ಕೆಮ್ಮು ಶುರುವಾದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹದಿನಾಲ್ಕು ದಿನ ಕಳೆದದ್ದು ಆಗ ಮರೆತುಹೋಗುವುದಿಲ್ಲ.